ಎಚ್‌ಐವಿಗೆ ಮದ್ದೇ ಇಲ್ಲ ಅನ್ನೋರಿಗೆ ಒಂದು ಲೆಕ್ಕ

ಡಿಸೆಂಬರ್ 1 ಬಂತು ಅಂದ್ರೆ ನ್ಯೂಸ್ ಚಾನೆಲ್‌ಗಳಲ್ಲಿ ಒಂದು ಶಾಸ್ತ್ರ ನಡೆಯುತ್ತೆ. ವಿಶ್ವ ಏಡ್ಸ್ ದಿನ. ಪರದೆ ಮೇಲೆ ಕೆಂಪು ರಿಬ್ಬನ್ನು, ಕಾಲೇಜು ಮಕ್ಕಳ ಜಾಥಾದ ದೃಶ್ಯ, ಒಬ್ಬ ಆರೋಗ್ಯಾಧಿಕಾರಿಯ ಬೈಟು. ಎರಡು ನಿಮಿಷಕ್ಕೆ ಮುಗೀತು. ಮುಂದಿನ ಸುದ್ದಿ ರಾಜಕೀಯ. ವರ್ಷದ ಉಳಿದ 364 ದಿನ ಈ ಕಾಯಿಲೆಯ ಹೆಸರನ್ನೂ ನಾವ್ಯಾರೂ ಎತ್ತೋದಿಲ್ಲ.

ನಾನು ಶಾಲೆಗೆ ಹೋಗ್ತಿದ್ದ ಕಾಲಕ್ಕೆ ಬಸ್ ಸ್ಟ್ಯಾಂಡಿನ ಗೋಡೆ, ಆಸ್ಪತ್ರೆಯ ಕಾಂಪೌಂಡು ಎಲ್ಲ ಕಡೆ ಏಡ್ಸ್ ಬಗ್ಗೆ ಬರೆದಿರುತ್ತಿದ್ದರು. ಮಾರಕ ರೋಗ, ಮದ್ದಿಲ್ಲ, ಎಚ್ಚರಿಕೆ. ಆ ಬಣ್ಣ ಮಾಸಿ ಎಷ್ಟೋ ವರ್ಷ ಆಯ್ತು. ಆದರೆ ನಮ್ಮ ತಲೆಯೊಳಗಿನ ಬರಹ ಮಾತ್ರ ಮಾಸಿಲ್ಲ. ಇವತ್ತೂ ನೀವು ಹತ್ತು ಜನರನ್ನ ಕೇಳಿ ನೋಡಿ. "ಅಯ್ಯೋ, ಆ ರೋಗಕ್ಕೆ ಮದ್ದೆಲ್ಲಿದೆ ಸಾರ್?" ಅನ್ನೋ ಉತ್ತರವೇ ಹೆಚ್ಚು.

ಇದೆ ಸ್ವಾಮಿ. ಮದ್ದಿದೆ. ಬೇರುಸಹಿತ ಕಿತ್ತುಹಾಕುವ ಮದ್ದು ಇನ್ನೂ ಬಂದಿಲ್ಲ, ಅದು ನಿಜ. ಆದರೆ ಬಿಪಿ, ಶುಗರ್ ಇದ್ದವರು ಹೇಗೆ ದಿನಾ ಮಾತ್ರೆ ತಗೊಂಡು ಕೆಲಸಕ್ಕೆ ಹೋಗ್ತಾರೋ, ಮಕ್ಕಳ ಮದುವೆ ಮಾಡ್ತಾರೋ, ಮೊಮ್ಮಕ್ಕಳನ್ನ ಆಡಿಸ್ತಾರೋ, ಹಾಗೆ ಬದುಕಿಸುವ ಮದ್ದಿದೆ. ದಿನಕ್ಕೆ ಒಂದೇ ಗುಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಈ ಗುಳಿಗೆ ನಿಜವಾಗಿ ಕೆಲಸ ಮಾಡಬೇಕಾದರೆ ಮೂರು ಶರತ್ತು ಪೂರೈಸಬೇಕಿತ್ತು. ಒಂದನ್ನ ವಿಜ್ಞಾನಿಗಳು ಪೂರೈಸಿದರು. ಎರಡನೆಯದಕ್ಕೆ ದೊಡ್ಡ ಜಗಳವೇ ಆಯ್ತು, ಅದರಲ್ಲಿ ನಮ್ಮ ದೇಶದ ಪಾತ್ರ ಬಹಳ ದೊಡ್ಡದು. ಮೂರನೆಯದು ಇವತ್ತಿಗೂ ಬಾಕಿ ಇದೆ, ಅದು ನಮ್ಮ ನಿಮ್ಮ ಕೈಲಿದೆ. ಒಂದೊಂದಾಗಿ ನೋಡೋಣ.

ಕತೆ ಶುರುವಾಗೋದು 1981ರ ಜೂನ್ 5ಕ್ಕೆ. ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರದಲ್ಲಿ ಒಂದು ಚಿಕ್ಕ ವರದಿ ಬಂತು. ಲಾಸ್ ಏಂಜಲೀಸ್‌ನಲ್ಲಿ ಐವರು ಯುವಕರಿಗೆ ವಿಚಿತ್ರ ನ್ಯುಮೋನಿಯಾ. ಗಟ್ಟಿಮುಟ್ಟಾದ ಮನುಷ್ಯರಿಗೆ ಬಾರದ ಕಾಯಿಲೆ ಅದು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲೂಕ್ ಮೊಂಟಾನ್ಯೇ ತಂಡ ಇದರ ಹಿಂದಿದ್ದ ವೈರಸ್ಸನ್ನು ಪತ್ತೆ ಮಾಡಿತು. 2008ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮಲ್ಲಿ 1986ರಲ್ಲಿ ಚೆನ್ನೈನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ರಕ್ತದ ಸ್ಯಾಂಪಲ್ ಸಂಗ್ರಹಿಸಿ, ವೆಲ್ಲೂರಿನಲ್ಲಿ ಪರೀಕ್ಷೆ ಮಾಡಿಸಿ, ಭಾರತಕ್ಕೂ ಈ ವೈರಸ್ ಬಂದಿದೆ ಅನ್ನೋದನ್ನ ಸಾಬೀತು ಮಾಡಿದರು. "ನಮ್ಮ ದೇಶಕ್ಕೆ ಇದೆಲ್ಲ ಬರೋಲ್ಲ" ಅಂತ ದೊಡ್ಡವರೆಲ್ಲ ನಂಬಿದ್ದ ಕಾಲ ಅದು.

ಈಗ ವೈರಸ್ ಮಾಡೋ ಕೆಲಸ ಏನು ಅಂತ ಸ್ವಲ್ಪ ಅರ್ಥ ಮಾಡ್ಕೋಬೇಕು. ಕಷ್ಟ ಇಲ್ಲ, ಬನ್ನಿ. ನಮ್ಮ ರಕ್ತದಲ್ಲಿ ಸಿಡಿ4 ಅನ್ನೋ ಬಿಳಿ ರಕ್ತಕಣಗಳಿವೆ. ರೋಗಾಣು ಬಂದರೆ ಉಳಿದ ರಕ್ಷಣಾ ಕಣಗಳಿಗೆ ಆರ್ಡರ್ ಕೊಡೋ ಇನ್ಸ್‌ಪೆಕ್ಟರ್ ಇದ್ದ ಹಾಗೆ. ಎಚ್‌ಐವಿ ಹೋಗಿ ಕೂರೋದು ನೇರ ಈ ಇನ್ಸ್‌ಪೆಕ್ಟರ್ ಒಳಗೇ. ಕಳ್ಳ ಪೊಲೀಸ್ ಸ್ಟೇಷನ್ನಿನಲ್ಲೇ ಮನೆ ಮಾಡಿದ ಹಾಗೆ.

ಒಳಗೆ ಹೋದ ಮೇಲೆ ಅದಕ್ಕೆ ಮೂರು ಮುಖ್ಯ ಕೆಲಸ. ವೈರಸ್ಸಿನ ಮಾಹಿತಿ ಆರ್‌ಎನ್‌ಎ ಅನ್ನೋ ಲಿಪಿಯಲ್ಲಿದೆ, ನಮ್ಮ ಜೀವಕೋಶದ್ದು ಡಿಎನ್‌ಎ. ಮೊದಲು ತನ್ನ ಆರ್‌ಎನ್‌ಎಯನ್ನ ಡಿಎನ್‌ಎಯಾಗಿ ನಕಲು ಮಾಡ್ಕೊಳ್ಳುತ್ತೆ. ಆ ನಕಲು ಮಾಡೋ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಎರಡನೆಯದಾಗಿ ಆ ನಕಲನ್ನ ನಮ್ಮದೇ ಡಿಎನ್‌ಎ ಒಳಗೆ ತೂರಿಸಿ ಅಂಟಿಸುತ್ತೆ. ಇದಕ್ಕೆ ಇಂಟಿಗ್ರೇಸ್ ಅನ್ನೋ ಕಿಣ್ವ. ಅಲ್ಲಿಂದ ಮುಂದೆ ನಮ್ಮ ಜೀವಕೋಶವೇ ವೈರಸ್ಸಿನ ಬಿಡಿಭಾಗ ತಯಾರಿಸೋ ಕಾರ್ಖಾನೆ. ಬಿಡಿಭಾಗಗಳು ಉದ್ದದ ಪಟ್ಟಿಯಾಗಿ ಹೊರಬರುತ್ತವೆ. ಅದನ್ನ ಅಳತೆಗೆ ಸರಿಯಾಗಿ ಕತ್ತರಿಸೋ ಕತ್ತರಿ ಪ್ರೋಟಿಯೇಸ್. ಅದು ಮೂರನೇ ಕೆಲಸ. ನಕಲು, ಅಂಟು, ಕತ್ತರಿ. ಈ ಮೂರು ಪದ ನೆನಪಿಟ್ಟುಕೊಳ್ಳಿ. ನಲವತ್ತು ವರ್ಷದ ಸಂಶೋಧನೆಯ ಬಹುಪಾಲು ಈ ಮೂರರಲ್ಲಿ ಒಂದನ್ನ ತಡೆಯೋದು ಹೇಗೆ ಅನ್ನೋದೇ.

ಮೊದಲು ಸಿಕ್ಕಿದ್ದು ನಕಲನ್ನ ತಡೆಯೋ ಮದ್ದು. ಹೆಸರು ಎಝಡ್‌ಟಿ. ಇದು ಏಡ್ಸ್‌ಗಾಗಿ ಹುಟ್ಟಿದ್ದೇ ಅಲ್ಲ. 1964ರಲ್ಲಿ ಜೆರೋಮ್ ಹಾರ್ವಿಟ್ಜ್ ಅನ್ನೋ ವಿಜ್ಞಾನಿ ಕ್ಯಾನ್ಸರ್‌ಗೆ ಅಂತ ತಯಾರಿಸಿದ್ದರು. ಕ್ಯಾನ್ಸರ್ ಮೇಲೆ ಕೆಲಸ ಮಾಡಲಿಲ್ಲ. ಅವರು ಪೇಟೆಂಟ್ ಕೂಡ ಮಾಡಿಸದೆ ಬಿಟ್ಟುಬಿಟ್ಟರು. ಇಪ್ಪತ್ತು ವರ್ಷ ಕಳೆದ ಮೇಲೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮತ್ತು ಬರೋಸ್ ವೆಲ್ಕಮ್ ಕಂಪನಿ ಅದನ್ನೇ ಎಚ್‌ಐವಿ ಮೇಲೆ ಪ್ರಯೋಗಿಸಿ ನೋಡಿದವು. ಇದು ಹೇಗೆ ಕೆಲಸ ಮಾಡುತ್ತೆ? ಪ್ಯಾಂಟಿನ ಜಿಪ್ ಯೋಚನೆ ಮಾಡಿ. ಮಧ್ಯೆ ಒಂದು ಹಲ್ಲು ಮುರಿದಿದ್ದರೆ ಜಿಪ್ ಅಲ್ಲೇ ನಿಲ್ಲುತ್ತೆ. ಎಝಡ್‌ಟಿ ಅಂಥ ಮುರಿದ ಹಲ್ಲು. ನಕಲು ಮಾಡುವಾಗ ಅಸಲಿ ಅಕ್ಷರ ಅಂತ ತಿಳಿದು ವೈರಸ್ ಅದನ್ನ ಸೇರಿಸಿಕೊಂಡ್ರೆ, ಮುಂದಿನ ಅಕ್ಷರ ಕೂರೋದಿಲ್ಲ.

282 ರೋಗಿಗಳ ಮೇಲೆ ಪ್ರಯೋಗ ನಡೆಯಿತು. 145 ಮಂದಿಗೆ ಎಝಡ್‌ಟಿ, 137 ಮಂದಿಗೆ ಬರೀ ಹುಸಿ ಗುಳಿಗೆ. ಪ್ರಯೋಗ ಮುಗಿಯೋ ಮೊದಲೇ ನಿಲ್ಲಿಸಬೇಕಾಯ್ತು. ಯಾಕೆ ಗೊತ್ತಾ? ಹುಸಿ ಗುಳಿಗೆಯ ಗುಂಪಿನಲ್ಲಿ 19 ಸಾವು, ಎಝಡ್‌ಟಿ ಗುಂಪಿನಲ್ಲಿ ಒಂದೇ ಒಂದು. ಇಷ್ಟು ಗೊತ್ತಾದ ಮೇಲೂ ಇನ್ನೊಂದು ಗುಂಪಿಗೆ ಮದ್ದು ಕೊಡದೆ ಇರೋದು ಹೇಗೆ? 1987ರ ಮಾರ್ಚ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಜಗತ್ತು ನಿಟ್ಟುಸಿರು ಬಿಟ್ಟಿತು.

ಆದರೆ ಆ ನೆಮ್ಮದಿ ಉಳಿಯಲಿಲ್ಲ. ತಿಂಗಳುಗಳು ಕಳೆದ ಹಾಗೆ ಎಝಡ್‌ಟಿಗೆ ವೈರಸ್ ಬಗ್ಗೋದು ನಿಲ್ಲಿಸಿತು. 1993ರಲ್ಲಿ ಯುರೋಪಿನ ಕಾಂಕಾರ್ಡ್ ಅನ್ನೋ ಪ್ರಯೋಗದ ಫಲಿತಾಂಶ ಬಂದಾಗ ಎಲ್ಲರ ಎದೆ ಒಡೆಯಿತು. ರೋಗಲಕ್ಷಣ ಕಾಣೋ ಮೊದಲೇ ಎಝಡ್‌ಟಿ ಒಂದನ್ನೇ ಶುರು ಮಾಡಿದರೆ ಆಯಸ್ಸು ಹೆಚ್ಚೋದಿಲ್ಲ ಅಂತ ಅದು ಹೇಳಿತು.

ಯಾಕೆ ಹೀಗಾಯ್ತು? ನಾನು ಓದಿದ್ದು ಎಂಜಿನಿಯರಿಂಗ್. ಪ್ರಾಬಬಿಲಿಟಿ ಅನ್ನೋ ಪಾಠ ಪರೀಕ್ಷೆಗೆ ಬಿಟ್ಟರೆ ಇನ್ನೆಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳೋ ಎಲ್ಲರಿಗೂ ನಾನು ಕೊಡೋ ಉದಾಹರಣೆ ಇದೇ. ವೈರಸ್ಸಿನ ಇಡೀ ಮಾಹಿತಿ ಹತ್ತಿರ ಹತ್ತಿರ 10 ಸಾವಿರ ಅಕ್ಷರ. ನಕಲು ಮಾಡೋ ಕಿಣ್ವ ಅವಸರದ ಗುಮಾಸ್ತ, ತಪ್ಪು ಮಾಡುತ್ತೆ. ಲಕ್ಷ ಅಕ್ಷರಕ್ಕೆ ಅಂದಾಜು ಮೂರು ತಪ್ಪು. ಅಂದರೆ ಪ್ರತಿ ಮೂರು ನಕಲಿಗೆ ಒಂದು ತಪ್ಪು ನಕಲು. ಇದರ ಜೊತೆಗೆ ಇನ್ನೊಂದು ಸಂಖ್ಯೆ ಸೇರಿಸಿ. ಚಿಕಿತ್ಸೆ ಇಲ್ಲದ ಒಬ್ಬ ಸೋಂಕಿತರ ದೇಹದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಹುಟ್ಟುತ್ತವೆ. ಡೇವಿಡ್ ಹೋ ಮತ್ತು ಅಲನ್ ಪೆರೆಲ್ಸನ್ ತಂಡ 1996ರಲ್ಲಿ ಈ ಲೆಕ್ಕ ಕೊಟ್ಟಿತು.

ಈಗ ಒರಟು ಲೆಕ್ಕ ಹಾಕೋಣ. ಒಂದು ಮದ್ದಿನಿಂದ ತಪ್ಪಿಸಿಕೊಳ್ಳೋಕೆ ಒಂದು ನಿರ್ದಿಷ್ಟ ಅಕ್ಷರ ಬದಲಾದರೆ ಸಾಕು ಅಂತಿಟ್ಟುಕೊಳ್ಳಿ. 1,000 ಕೋಟಿಯಲ್ಲಿ ಲಕ್ಷಕ್ಕೆ ಮೂರು. ಅಂದರೆ ದಿನಕ್ಕೆ 3 ಲಕ್ಷ ವೈರಸ್‌ಗಳಲ್ಲಿ ಆ ಬದಲಾವಣೆ ತಾನಾಗಿಯೇ ಆಗಿರುತ್ತೆ. ರೋಗಿ ಮೊದಲ ಗುಳಿಗೆ ನುಂಗೋ ಮೊದಲೇ! ಮದ್ದು ಉಳಿದವನ್ನೆಲ್ಲ ಕೊಲ್ಲುತ್ತೆ, ಈ 3 ಲಕ್ಷಕ್ಕೆ ಮೈದಾನ ಖಾಲಿ ಮಾಡಿ ಕೊಡುತ್ತೆ. ಸರಿ, ಎರಡು ಮದ್ದು ಕೊಟ್ಟರೆ? ಎರಡೂ ಬದಲಾವಣೆ ಒಂದೇ ವೈರಸ್ಸಿನಲ್ಲಿ ಒಟ್ಟಿಗೇ ಆಗಬೇಕು. ದಿನಕ್ಕೆ ಸುಮಾರು ಒಂಬತ್ತು ವೈರಸ್ ಹಾಗೆ ಹುಟ್ಟುತ್ತವೆ. ಕಡಿಮೆಯೇ, ಆದರೆ ಒಂಬತ್ತೂ ಸಾಕು. ಮೂರು ಮದ್ದು ಒಟ್ಟಿಗೇ ಕೊಟ್ಟರೆ? ಮೂರೂ ಬದಲಾವಣೆ ಇರೋ ಒಂದು ವೈರಸ್ ಹುಟ್ಟೋಕೆ ಅಂದಾಜು ಹತ್ತು ವರ್ಷ ಬೇಕು. ಅದೂ ದಿನಾ 1,000 ಕೋಟಿ ಹುಟ್ಟುತ್ತಲೇ ಇದ್ದರೆ. ಆದರೆ ಮೂರು ಮದ್ದು ಸೇರಿ ಹುಟ್ಟೋದನ್ನೇ ನಿಲ್ಲಿಸಿರುತ್ತವಲ್ಲ! ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ.

ಇದೇ ಮೊದಲ ಶರತ್ತು. ಒಂದು ಮದ್ದು ಸಾಲದು, ಮೂರು ಸೇರಬೇಕು. 1995ರ ಡಿಸೆಂಬರ್‌ನಲ್ಲಿ ಸಾಕ್ವಿನಾವಿರ್, 1996ರ ಮಾರ್ಚ್‌ನಲ್ಲಿ ರಿಟೊನಾವಿರ್ ಮತ್ತು ಇಂಡಿನಾವಿರ್. ಇವು ಆಗ ಹೇಳಿದ್ದೆನಲ್ಲ, ಆ ಕತ್ತರಿಯನ್ನ ತಡೆಯೋ ಮದ್ದುಗಳು. ಪ್ರೋಟಿಯೇಸ್‌ನ ಆಕಾರ 1989ರಲ್ಲೇ ಗೊತ್ತಾಗಿತ್ತು. ಬೀಗದ ಒಳಗಿನ ಅಚ್ಚು ನೋಡಿ ಕೀಲಿ ಮಾಡಿದ ಹಾಗೆ ಆ ಆಕಾರ ನೋಡಿ ಮದ್ದು ವಿನ್ಯಾಸ ಮಾಡಿದರು. ನಕಲು ತಡೆಯೋ ಎರಡು, ಕತ್ತರಿ ತಡೆಯೋ ಒಂದು. 1996ರ ಜುಲೈನಲ್ಲಿ ಕೆನಡಾದ ವ್ಯಾಂಕೂವರ್ ಸಮ್ಮೇಳನದಲ್ಲಿ ಫಲಿತಾಂಶ ಬಂದಾಗ ವೈದ್ಯರಿಗೇ ನಂಬೋಕಾಗಲಿಲ್ಲ. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡತೊಡಗಿದರು. ಅಮೆರಿಕದಲ್ಲಿ 1996ಕ್ಕೆ ಹೋಲಿಸಿದರೆ 1997ರಲ್ಲಿ ಏಡ್ಸ್ ಸಾವು ಶೇ. 47ರಷ್ಟು ಕುಸಿಯಿತು. ಒಂದೇ ವರ್ಷದಲ್ಲಿ ಅರ್ಧಕ್ಕರ್ಧ!

ಎಲ್ಲ ಸರಿಹೋಯ್ತಾ? ಅಮೆರಿಕಕ್ಕೆ, ಯುರೋಪಿಗೆ ಸರಿಹೋಯ್ತು. ಆದರೆ ಸೋಂಕಿತರಲ್ಲಿ ಬಹುಪಾಲು ಮಂದಿ ಇದ್ದದ್ದು ಆಫ್ರಿಕಾದಲ್ಲಿ. ಮೂರು ಮದ್ದಿನ ಒಂದು ವರ್ಷದ ಖರ್ಚು 10 ರಿಂದ 15 ಸಾವಿರ ಡಾಲರ್. ಅಂದಿನ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿಗೂ ಮೇಲೆ. ಅದೂ ಒಂದು ಸಲ ಅಲ್ಲ, ಬದುಕಿರೋವರೆಗೂ ವರ್ಷಾ ವರ್ಷಾ. ಹೊಲ ಮಾರಿದರೂ ಎರಡನೇ ವರ್ಷಕ್ಕೆ ಏನು ಮಾರೋದು? ಮದ್ದು ಅಂಗಡಿಯಲ್ಲಿತ್ತು, ಮನುಷ್ಯ ಮನೆಯಲ್ಲಿ ಸಾಯ್ತಿದ್ದ. ಅಗ್ಗದ ಮದ್ದು ತರಿಸೋಕೆ ದಕ್ಷಿಣ ಆಫ್ರಿಕಾ ಕಾನೂನು ಮಾಡಿದರೆ, 1998ರಲ್ಲಿ 39 ಔಷಧ ಕಂಪನಿಗಳು ಸೇರಿ ಕೋರ್ಟಿಗೆ ಎಳೆದವು. ಯಾರನ್ನ? ನೆಲ್ಸನ್ ಮಂಡೇಲಾ ಸರ್ಕಾರವನ್ನ.

ಇಲ್ಲಿ ಬರುತ್ತೆ ಭಾರತದ ಪಾತ್ರ. ಇದಕ್ಕೆ ನಮ್ಮ 1970ರ ಪೇಟೆಂಟ್ ಕಾಯ್ದೆ ಸ್ವಲ್ಪ ಗೊತ್ತಿರಬೇಕು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಸಮಿತಿಯ ವರದಿ ಆಧರಿಸಿದ ಆ ಕಾಯ್ದೆ, ಔಷಧದ ಮೇಲೆ ಪೇಟೆಂಟ್ ಕೊಡಲಿಲ್ಲ, ಔಷಧ ಮಾಡೋ ವಿಧಾನದ ಮೇಲೆ ಮಾತ್ರ ಕೊಟ್ಟಿತು. ಏನು ವ್ಯತ್ಯಾಸ ಅಂತೀರಾ? ಬಿಸಿಬೇಳೆಬಾತ್ ನನ್ನದೇ, ಬೇರೆ ಯಾರೂ ಮಾಡಂಗಿಲ್ಲ ಅನ್ನೋದು ಒಂದು. ನಾನು ಮಾಡೋ ವಿಧಾನ ಕದೀಬೇಡಿ, ನಿಮ್ಮದೇ ರೀತೀಲಿ ಮಾಡ್ಕೊಳ್ಳಿ ಅನ್ನೋದು ಇನ್ನೊಂದು. ನಮ್ಮ ಕಾಯ್ದೆ ಎರಡನೇದು. ಹಾಗಾಗಿ ನಮ್ಮ ರಸಾಯನ ವಿಜ್ಞಾನಿಗಳು ಬೇರೆ ದಾರಿ ಹುಡುಕಿ ಅದೇ ಮದ್ದು ತಯಾರಿಸೋದರಲ್ಲಿ ಪಳಗಿಬಿಟ್ಟರು. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಡಾ. ಎ.ವಿ. ರಾಮರಾವ್ ತಂಡ ಎಝಡ್‌ಟಿ ತಯಾರಿಕೆಯ ವಿಧಾನ ಕಂಡುಕೊಂಡಿತು, 1993ರಲ್ಲಿ ಸಿಪ್ಲಾ ಅದನ್ನ ಮಾರುಕಟ್ಟೆಗೆ ತಂದಿತು.

2001ರ ಫೆಬ್ರುವರಿ. ಸಿಪ್ಲಾದ ಮುಖ್ಯಸ್ಥ ಯೂಸುಫ್ ಹಮೀದ್ ಒಂದು ಘೋಷಣೆ ಮಾಡಿದರು. ಗಡಿರಹಿತ ವೈದ್ಯರ ಸಂಸ್ಥೆಗೆ ಮೂರು ಮದ್ದಿನ ಒಂದು ವರ್ಷದ ಕೋರ್ಸ್ 350 ಡಾಲರ್‌ಗೆ ಕೊಡ್ತೀವಿ. ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆ. 10 ಸಾವಿರ ಎಲ್ಲಿ, 350 ಎಲ್ಲಿ? ಜಗತ್ತು ಬೆಚ್ಚಿಬಿತ್ತು. ಕಡಲ್ಗಳ್ಳರು ಅಂತ ಬೈಸಿಕೊಂಡಿದ್ದೂ ಆಯ್ತು. ಆದರೆ ಬೆಲೆಯ ಗುಟ್ಟು ಬಯಲಾಗಿತ್ತು. ಆ ಏಪ್ರಿಲ್‌ನಲ್ಲೇ 39 ಕಂಪನಿಗಳು ದಕ್ಷಿಣ ಆಫ್ರಿಕಾ ಮೇಲಿನ ಕೇಸು ವಾಪಸ್ ತಗೊಂಡವು. ನವೆಂಬರ್‌ನಲ್ಲಿ ದೋಹಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಸ್ಥೆಯ ದೇಶಗಳು, ಜನರ ಆರೋಗ್ಯ ಕಾಪಾಡೋಕೆ ಪೇಟೆಂಟ್ ಒಪ್ಪಂದ ಅಡ್ಡ ಬರಬಾರದು ಅಂತ ಒಪ್ಪಿಕೊಂಡವು.

ಇನ್ನೊಂದು ವಿಷಯ ಯಾರೂ ಅಷ್ಟಾಗಿ ಹೇಳೋಲ್ಲ. ಪಶ್ಚಿಮದಲ್ಲಿ ಒಂದೊಂದು ಮದ್ದಿನ ಪೇಟೆಂಟ್ ಒಂದೊಂದು ಕಂಪನಿ ಕೈಲಿತ್ತು. ಹಾಗಾಗಿ ರೋಗಿ ಬೊಗಸೆ ತುಂಬ ಗುಳಿಗೆ ನುಂಗಬೇಕಿತ್ತು. ಕೆಲವು ಊಟಕ್ಕೆ ಮೊದಲು, ಕೆಲವು ಊಟ ಆದಮೇಲೆ. ನಮ್ಮಲ್ಲಿ ಆ ಕಟ್ಟುಪಾಡು ಇರಲಿಲ್ಲ. ಮೂರೂ ಮದ್ದು ಸೇರಿಸಿ ಒಂದೇ ಗುಳಿಗೆ ಮಾಡಿದರು. ಟ್ರಯೋಮ್ಯೂನ್ ಅದರ ಹೆಸರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಓದು ಬಾರದ ಮನುಷ್ಯನಿಗೂ ಅರ್ಥ ಆಗೋ ಚಿಕಿತ್ಸೆ. ಇದನ್ನ ಬರೀ ಅಗ್ಗದ ನಕಲು ಅನ್ನೋಕಾಗುತ್ತಾ? ನನ್ನ ಲೆಕ್ಕದಲ್ಲಿ ಇದೂ ಒಂದು ಆವಿಷ್ಕಾರವೇ.

ಆದರೆ ತಮಾಷೆ ನೋಡಿ. ಜಗತ್ತಿಗೆ ಮದ್ದು ಮಾರಿದ ಭಾರತ ತನ್ನ ಜನಕ್ಕೆ ಉಚಿತವಾಗಿ ಕೊಡೋಕೆ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯ ಮತ್ತು ದೆಹಲಿಯಲ್ಲಿ, ಬರೀ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ. ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮುಂದಿನ ವರ್ಷ, 2005ರಲ್ಲಿ, ವಿಶ್ವ ವ್ಯಾಪಾರ ಒಪ್ಪಂದಕ್ಕೆ ತಕ್ಕಂತೆ ನಮ್ಮ ಪೇಟೆಂಟ್ ಕಾಯ್ದೆ ಬದಲಾಯ್ತು. ಔಷಧದ ಮೇಲೂ ಪೇಟೆಂಟ್ ಬಂತು. ಹಳೇ ಮದ್ದನ್ನೇ ಸ್ವಲ್ಪ ತಿದ್ದಿ ಹೊಸ ಪೇಟೆಂಟ್ ಕೇಳೋದಕ್ಕೆ ತಡೆ ಹಾಕೋ 3ಡಿ ಅನ್ನೋ ಸೆಕ್ಷನ್ನನ್ನ ಉಳಿಸಿಕೊಂಡೆವು, ಅಷ್ಟೇ ಸಮಾಧಾನ.

ಬೆಲೆ ಇಳಿದ ಮೇಲೂ ಸಂಶೋಧನೆ ನಿಲ್ಲಲಿಲ್ಲ. ಯಾಕಂದ್ರೆ ಹಳೇ ಮದ್ದುಗಳು ಜೀವ ಉಳಿಸಿದರೂ ಹಿಂಸೆ ಕೊಡ್ತಿದ್ದವು. ಟ್ರಯೋಮ್ಯೂನ್‌ನಲ್ಲಿದ್ದ ಸ್ಟಾವುಡಿನ್ ಅನ್ನೋ ಮದ್ದು ಕೆನ್ನೆಯ ಕೊಬ್ಬನ್ನೇ ಕರಗಿಸುತ್ತಿತ್ತು. ಮುಖ ನೋಡಿದರೆ ಸಾಕು, ಜನ ಗುರುತು ಹಿಡಿಯೋರು. ಕಾಲಿನ ನರಗಳಲ್ಲಿ ಉರಿ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಕೈಬಿಡಿ ಅಂತು. ಆಮೇಲೆ ಬಂದ ಎಫಾವಿರೆಂಜ್‌ನಿಂದ ತಲೆಸುತ್ತು, ರಾತ್ರಿಯಿಡೀ ಕೆಟ್ಟ ಕನಸು.

2007ರಲ್ಲಿ 'ಅಂಟು' ತಡೆಯೋ ಮೊದಲ ಮದ್ದು ರಾಲ್ಟೆಗ್ರಾವಿರ್, 2013ರಲ್ಲಿ ಅದಕ್ಕಿಂತ ಗಟ್ಟಿಯಾದ ಡೊಲುಟೆಗ್ರಾವಿರ್ ಬಂತು. ಡೊಲುಟೆಗ್ರಾವಿರ್ ವಿಶೇಷ ಏನಂದ್ರೆ ಇದರಿಂದ ತಪ್ಪಿಸಿಕೊಳ್ಳೋದು ವೈರಸ್‌ಗೆ ಬಹಳ ಕಷ್ಟ. ಅಡ್ಡ ಪರಿಣಾಮವೂ ಕಡಿಮೆ. ಹಾಗಂತ ಕಣ್ಣು ಮುಚ್ಚಿ ಒಪ್ಪಲಿಲ್ಲ. 2018ರಲ್ಲಿ ಬೋಟ್ಸ್ವಾನಾದಿಂದ ಒಂದು ಎಚ್ಚರಿಕೆ ಬಂತು. ಗರ್ಭ ಧರಿಸೋ ಸಮಯದಲ್ಲಿ ಈ ಮದ್ದು ತಗೊಳ್ತಿದ್ದ 426 ತಾಯಂದಿರಲ್ಲಿ ನಾಲ್ವರ ಶಿಶುಗಳಿಗೆ ಬೆನ್ನುಹುರಿ, ಮಿದುಳಿನ ದೋಷ. ಕೂಡಲೇ ಜಗತ್ತಿನಾದ್ಯಂತ ಎಚ್ಚರಿಕೆ ಕೊಟ್ಟರು, ಎಣಿಕೆ ಮುಂದುವರಿಸಿದರು. ಹೆಚ್ಚು ಹೆಚ್ಚು ತಾಯಂದಿರ ಮಾಹಿತಿ ಸೇರಿದ ಹಾಗೆ ಆ ಭಯಕ್ಕೆ ಆಧಾರ ಇಲ್ಲ ಅಂತ ಗೊತ್ತಾಯ್ತು. 2019ರಲ್ಲಿ ಎಲ್ಲರಿಗೂ ಇದನ್ನೇ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ವಿಜ್ಞಾನ ಕೆಲಸ ಮಾಡೋದು ಹೀಗೆ. ಅನುಮಾನ ಬಂದರೆ ಮುಚ್ಚಿಡೋದಿಲ್ಲ, ಎಣಿಸುತ್ತೆ.

ಇವತ್ತು ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಕೊಡೋದು ಇದನ್ನೇ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಮೂರೂ ಒಂದೇ ಗುಳಿಗೆಯಲ್ಲಿ, ದಿನಕ್ಕೆ ಒಂದು ಸಲ. 2017ರಲ್ಲಿ ಇದರ ಬೆಲೆ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 75 ಡಾಲರ್ ಅಂತ ನಿಗದಿ ಆದಾಗ, ಮಾಡಿಕೊಡೋಕೆ ಮುಂದೆ ಬಂದಿದ್ದು ಹೈದರಾಬಾದಿನ ಅರಬಿಂದೋ ಮತ್ತು ಭಾರತದಲ್ಲಿ ಕಾರ್ಖಾನೆಗಳಿರೋ ಮೈಲಾನ್. ಅಲ್ಲಿಂದ ಮುಂದೆ ಬೆಲೆ ಇನ್ನೂ ಇಳಿದಿದೆ.

ಈಗ ನಾನು ಹೇಳೋ ಮಾತನ್ನ ದಯವಿಟ್ಟು ಎರಡು ಸಲ ಓದಿ. ಈ ಗುಳಿಗೆಯನ್ನ ತಪ್ಪದೆ ತಗೊಂಡು, ರಕ್ತಪರೀಕ್ಷೆಯಲ್ಲಿ ವೈರಸ್ ಕಾಣಿಸದ ಮಟ್ಟಕ್ಕೆ ಬಂದು, ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಎಚ್‌ಐವಿ ಹರಡೋದಿಲ್ಲ. ನನ್ನ ಮಾತಲ್ಲ ಇದು. 2011ರಲ್ಲಿ 1,763 ದಂಪತಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಹರಡೋದು ಶೇ. 96ರಷ್ಟು ತಗ್ಗುತ್ತೆ ಅಂತ ಗೊತ್ತಾಯ್ತು. ಆ ಪ್ರಯೋಗದಲ್ಲಿ ಚೆನ್ನೈ, ಪುಣೆಯವರೂ ಇದ್ದರು. ಆಮೇಲೆ ಯುರೋಪಿನ ಪಾರ್ಟ್ನರ್ ಅಧ್ಯಯನದಲ್ಲಿ ವೈರಸ್ ಕಾಣದ ಮಟ್ಟದಲ್ಲಿದ್ದವರಿಂದ ಸಂಗಾತಿಗೆ ಹರಡಿದ ಪ್ರಕರಣ ಎಷ್ಟು ಗೊತ್ತಾ? ಸೊನ್ನೆ. ತಾಯಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಮಗುವೂ ಸೋಂಕಿಲ್ಲದೆ ಹುಟ್ಟುತ್ತೆ. ಅದಕ್ಕೇ 2017ರಿಂದ ನಮ್ಮ ದೇಶದಲ್ಲಿ ಪಾಸಿಟಿವ್ ಅಂತ ಗೊತ್ತಾದ ಎಲ್ಲರಿಗೂ, ಸಿಡಿ4 ಎಷ್ಟೇ ಇರಲಿ, ಕೂಡಲೇ ಮದ್ದು ಶುರು ಮಾಡ್ತಾರೆ.

"ಹಾಗಾದ್ರೆ ಪೂರ್ತಿ ವಾಸಿ ಯಾಕೆ ಆಗೋಲ್ಲ?" ಒಳ್ಳೇ ಪ್ರಶ್ನೆ. 'ಅಂಟು' ನೆನಪಿದೆಯಲ್ಲ? ಕೆಲವು ಜೀವಕೋಶಗಳ ಡಿಎನ್‌ಎಯಲ್ಲಿ ವೈರಸ್ ಅಂಟಿಕೊಂಡು ಏನೂ ಮಾಡದೆ ಮಲಗಿಬಿಡುತ್ತೆ. ಮದ್ದು ಹಿಡಿಯೋದು ಕೆಲಸ ಮಾಡ್ತಿರೋ ವೈರಸ್ಸನ್ನ, ಮಲಗಿರೋದನ್ನಲ್ಲ. ಈ ದಾಸ್ತಾನು ಅರ್ಧಕ್ಕೆ ಇಳಿಯೋಕೆ ಸುಮಾರು 44 ತಿಂಗಳು ಬೇಕು ಅಂತ ಅಮೆರಿಕದ ರಾಬರ್ಟ್ ಸಿಲಿಸಿಯಾನೋ ತಂಡ ಲೆಕ್ಕ ಹಾಕಿತು. ಪೂರ್ತಿ ಖಾಲಿಯಾಗೋಕೆ 70 ವರ್ಷಕ್ಕೂ ಮೇಲೆ, ಒಂದು ಆಯಸ್ಸೇ ಬೇಕು. ಮದ್ದು ನಿಲ್ಲಿಸಿದರೆ ಕೆಲವೇ ವಾರದಲ್ಲಿ ಅದು ಏಳುತ್ತೆ. ಬರ್ಲಿನ್‌ನಲ್ಲಿದ್ದ ಟಿಮೊಥಿ ರೇ ಬ್ರೌನ್‌ರಂಥ ಬೆರಳೆಣಿಕೆಯ ಮಂದಿ ಪೂರ್ತಿ ವಾಸಿಯಾಗಿದ್ದಾರೆ, ನಿಜ. ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. ಅದಕ್ಕಾಗಿ ಅಸ್ಥಿಮಜ್ಜೆ ಕಸಿ ಮಾಡುವಾಗ, ವೈರಸ್ಸಿಗೆ ಬಾಗಿಲೇ ಇಲ್ಲದ ರಕ್ತಕಣ ಹೊಂದಿದ ದಾನಿಯನ್ನ ವೈದ್ಯರು ಹುಡುಕಿ ತಂದರು. ಆ ಕಸಿಯೇ ಜೀವಕ್ಕೆ ಅಪಾಯ. ದಿನಕ್ಕೊಂದು ಗುಳಿಗೆಯಿಂದ ಚೆನ್ನಾಗಿರೋರಿಗೆ ಅದನ್ನ ಮಾಡೋಕಾಗಲ್ಲ.

ಹಾಗಾಗಿ ಯಾರಾದ್ರೂ ಪುಡಿ, ಕಷಾಯ, ಲೇಹ್ಯ ತೋರಿಸಿ "ಏಡ್ಸ್ ಸಂಪೂರ್ಣ ವಾಸಿ" ಅಂದ್ರೆ ಅದು ಮೋಸ. ಔಷಧ ನಿಯಮಗಳ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಯಾವ ಕಾಯಿಲೆ ವಾಸಿ ಮಾಡ್ತೀವಿ ಅಂತ ಯಾವ ಔಷಧದವರೂ ಹೇಳಿಕೊಳ್ಳಬಾರದು ಅನ್ನೋ ಪಟ್ಟಿ. ಅದರ ಮೊದಲ ಹೆಸರೇ ಏಡ್ಸ್. ಇಂಥವರ ಮಾತು ಕೇಳಿ ಗುಳಿಗೆ ನಿಲ್ಲಿಸಿದವರು ದುಡ್ಡಿನ ಜೊತೆ ಜೀವವನ್ನೂ ಕಳ್ಕೊಳ್ತಾರೆ.

ಈಗ ಹೊಸ ಸುದ್ದಿ. ಲೆನಾಕಾಪಾವಿರ್. ಇದು ನಕಲು, ಅಂಟು, ಕತ್ತರಿ ಮೂರೂ ಅಲ್ಲದ ನಾಲ್ಕನೇ ಗುರಿ. ವೈರಸ್ಸಿನ ಮಾಹಿತಿಯನ್ನ ಹೊತ್ತೊಯ್ಯೋ ಪೆಟ್ಟಿಗೆಯಂಥ ಕವಚ ಇದೆಯಲ್ಲ, ಅದಕ್ಕೇ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತೆ. ಆರು ತಿಂಗಳಿಗೊಮ್ಮೆ ಚುಚ್ಚುಮದ್ದು. ಹಳೇ ಮದ್ದುಗಳಿಗೆ ಬಗ್ಗದ ವೈರಸ್ ಇರೋರಿಗೆ ಬೇರೆ ಮದ್ದುಗಳ ಜೊತೆ ಕೊಡೋಕೆ 2022ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಜಗತ್ತು ತಿರುಗಿ ನೋಡಿದ್ದು 2024ರಲ್ಲಿ, ಸೋಂಕು ಬಾರದ ಹಾಗೆ ಮುಂಚಿತವಾಗಿ ಕೊಟ್ಟು ನೋಡಿದಾಗ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದ 2,134 ಯುವತಿಯರಿಗೆ ಈ ಚುಚ್ಚುಮದ್ದು ಕೊಟ್ಟರು. ಸೋಂಕು ತಗುಲಿದ್ದು ಎಷ್ಟು ಮಂದಿಗೆ? ಒಬ್ಬರಿಗೂ ಇಲ್ಲ.

2025ರ ಜೂನ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೆಲೆ? ವರ್ಷಕ್ಕೆ 28,218 ಡಾಲರ್. ಹತ್ತಿರ ಹತ್ತಿರ 24 ಲಕ್ಷ ರೂಪಾಯಿ. ಮತ್ತೆ ಅದೇ ಕತೆ ಅನ್ನಿಸಿತಾ? ಈ ಸಲ ಒಂದು ವ್ಯತ್ಯಾಸ ಇದೆ. ತಯಾರಿಸಿದ ಗಿಲಿಯಡ್ ಕಂಪನಿ 2024ರಲ್ಲೇ ಆರು ಕಂಪನಿಗಳಿಗೆ 120 ದೇಶಗಳಿಗಾಗಿ ತಯಾರಿಸೋ ಲೈಸೆನ್ಸ್ ಕೊಟ್ಟಿದೆ. ಹೆಚ್ಚಿನವು ಭಾರತದಲ್ಲಿ ತಯಾರಿಸೋ ಕಂಪನಿಗಳೇ. 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಕೊಡ್ತೀವಿ ಅಂತ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಹೇಳಿವೆ. 24 ಲಕ್ಷ ಎಲ್ಲಿ, ಮೂರೂವರೆ ಸಾವಿರ ಎಲ್ಲಿ! 2001ರಲ್ಲಿ ಜಗಳ ಮಾಡಿ ಇಳಿಸಿದ ಬೆಲೆ, ಈಗ ಮೇಜಿನ ಮುಂದೆ ಕೂತು ಇಳಿದಿದೆ. ಆದರೆ ಎಲ್ಲರಿಗೂ ಅಲ್ಲ. ಬ್ರೆಜಿಲ್, ಅರ್ಜೆಂಟೀನಾ, ಮೆಕ್ಸಿಕೋ, ಪೆರು ಆ 120ರ ಪಟ್ಟಿಯಲ್ಲಿಲ್ಲ. ಇದೇ ಮದ್ದಿನ ಇನ್ನೊಂದು ಪ್ರಯೋಗಕ್ಕೆ ಆ ದೇಶಗಳ ಜನ ತಮ್ಮ ಮೈ ಒಡ್ಡಿದ್ದರು. ಪ್ರಯೋಗಕ್ಕೆ ಬೇಕು, ಅಗ್ಗದ ಬೆಲೆಗೆ ಬೇಡ. ಯಾವ ನ್ಯಾಯ ಇದು? ಇದರ ಜೊತೆಗೆ 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನ ಏಕಾಏಕಿ ತಡೆಹಿಡಿದಾಗ ಆಫ್ರಿಕಾದ ಎಷ್ಟೋ ಕ್ಲಿನಿಕ್‌ಗಳ ಬಾಗಿಲು ಮುಚ್ಚಿತು. ಜಗತ್ತಿನಲ್ಲಿ ಸುಮಾರು 4 ಕೋಟಿ ಸೋಂಕಿತರಿದ್ದಾರೆ, 3 ಕೋಟಿಗೂ ಹೆಚ್ಚು ಮಂದಿ ಮದ್ದಿನ ಮೇಲಿದ್ದಾರೆ. ಆದರೂ 2024ರಲ್ಲಿ ಸತ್ತವರು ಅಂದಾಜು 6.3 ಲಕ್ಷ. ಮದ್ದು ಇದ್ದೂ ಸತ್ತವರು.

ಕೊನೆಗೆ ಮೂರನೇ ಶರತ್ತು. ಗುಳಿಗೆಯನ್ನ ತಪ್ಪದೆ ನುಂಗಬೇಕು. ಬಿಟ್ಟು ಬಿಟ್ಟು ನುಂಗಿದರೆ ರಕ್ತದಲ್ಲಿ ಮದ್ದು ಅರೆಬರೆ ಇರುತ್ತೆ, ಅಂಥ ಸಮಯದಲ್ಲೇ ವೈರಸ್ ತಪ್ಪಿಸಿಕೊಳ್ಳೋ ದಾರಿ ಕಲಿಯೋದು. ಆಗಲೇ ಹಾಕಿದ ಲೆಕ್ಕವೆಲ್ಲ ತಲೆಕೆಳಗು. ದಿನಕ್ಕೊಂದು ಗುಳಿಗೆ ನುಂಗೋಕೆ ಏನು ಕಷ್ಟ ಅಂತೀರಾ? ಕಷ್ಟ ಗುಳಿಗೆಯದಲ್ಲ. ಅತ್ತೆ ನೋಡಿದರೆ? ಪಕ್ಕದ ಮನೆಯವರು ಡಬ್ಬಿ ಮೇಲಿನ ಹೆಸರು ಓದಿದರೆ? ಎಆರ್‌ಟಿ ಕೇಂದ್ರದ ಸಾಲಲ್ಲಿ ಊರಿನವರು ಕಂಡರೆ? ಈ ಭಯಕ್ಕೆ ತಮ್ಮ ಜಿಲ್ಲೆಯ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಗೆ ಬಸ್ ಹತ್ತೋರಿದ್ದಾರೆ. ಬಸ್ ಚಾರ್ಜಿಗೆ ದುಡ್ಡಿಲ್ಲದ ತಿಂಗಳು ಗುಳಿಗೆ ತಪ್ಪುತ್ತೆ. ಅಡುಗೆಮನೆಯ ಅಕ್ಕಿ ಡಬ್ಬದೊಳಗೆ ಗುಳಿಗೆ ಬಚ್ಚಿಟ್ಟು, ಮನೆ ತುಂಬ ನೆಂಟರು ಬಂದ ದಿನ ತೆಗೆಯೋಕಾಗದೆ ಬಿಟ್ಟವರಿದ್ದಾರೆ. ಅಂದರೆ ನಮ್ಮ ಚುಚ್ಚುಮಾತು, ನಮ್ಮ ಪಿಸುಮಾತು ಬರೀ ಮನಸ್ಸು ನೋಯಿಸೋದಲ್ಲ. ಅದು ನೇರವಾಗಿ ವೈರಸ್‌ಗೆ ಸಹಾಯ ಮಾಡುತ್ತೆ.

ಭಾರತದಲ್ಲಿ ಇವತ್ತು ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕ್ತಿದ್ದಾರೆ. ಅವರಿಗೆ ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ನಿರಾಕರಿಸೋದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ಕಾನೂನುಬಾಹಿರ. ಅವರ ಒಪ್ಪಿಗೆ ಇಲ್ಲದೆ ಅವರ ವಿಷಯ ಬಯಲು ಮಾಡೋದೂ ತಪ್ಪು. ನಿಮಗೆ ಅನುಮಾನ ಇದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಕಟ್ ಆಗಲ್ಲ. ಪರೀಕ್ಷೆ ಉಚಿತ, ಮದ್ದು ಉಚಿತ, ಗುಟ್ಟು ಕಾಪಾಡ್ತಾರೆ. ಗೊತ್ತಿರೋರು ಯಾರಾದ್ರೂ ಈ ಗುಳಿಗೆ ತಗೊಳ್ತಿದ್ದಾರೆ ಅಂತ ನಿಮ್ಮ ಕಿವಿಗೆ ಬಿದ್ದರೆ, ಅದನ್ನ ಇನ್ನೊಬ್ಬರ ಕಿವಿಗೆ ಹಾಕಬೇಡಿ. ನಲವತ್ತು ವರ್ಷದ ಸಂಶೋಧನೆಗೆ ನೀವು ಸೇರಿಸಬಹುದಾದ ಪಾಲು ಅದೇ. ಅದಕ್ಕೆ ಪೇಟೆಂಟೂ ಬೇಡ, ದುಡ್ಡೂ ಬೇಡ.